ಮರೆತ ಛತ್ರಿಗಳ ಕಚೇರಿಗೆ ಹೊಸ ಸರ್ವರ್

ನಾದಿನಿ: ಅದಕ್ಕೆ ಸುಸ್ತಾಗಲ್ಲ ಭಾವ. ಅದು ಯಂತ್ರ.

ಭಾವ: ನೀನು ಕೇಳಿ ನೋಡಿದೀಯಾ?

ನಾದಿನಿ: ಯಾರನ್ನ?

ಭಾವ: ಅದನ್ನೇ. ಇಷ್ಟು ವರ್ಷ ತಿಂಗಳಿಗೊಂದು ಮಧ್ಯಾಹ್ನ ಕಣ್ಣು ಮುಚ್ಚಿ ಒಂದು ಜೊಂಪು ತೆಗೀತಿತ್ತು. ಹೊಸ ವರ್ಷನ್ ಬಂತು, ಇನ್ಮೇಲೆ ನಿದ್ದೆನೇ ಇಲ್ಲ ಅಂದ್ರೆ ಯಾವ ನ್ಯಾಯ?

ನಾದಿನಿ: ಅದು ನಿದ್ದೆ ಅಲ್ಲ, ರೀಸ್ಟಾರ್ಟ್. ರಿಪೇರಿ ಆದ ಮೇಲೆ ಒಂದು ಸಲ ಆರಿಸಿ ಹಚ್ಚಬೇಕಿತ್ತು. ಹೊಸದರಲ್ಲಿ ಆ ಕಾಟ ಇಲ್ಲ. ಓಡ್ತಾ ಓಡ್ತಾನೇ ರಿಪೇರಿ ಆಗಿಬಿಡುತ್ತೆ.

ಭಾವ: ಓಡೋ ಬಸ್ಸಿಗೆ ಯಾರಾದ್ರೂ ಚಕ್ರ ಬದಲಾಯಿಸ್ತಾರಾ?

ಬಸ್ಸು, ರೈಲುಗಳಲ್ಲಿ ಜನ ಮರೆತು ಇಳಿದುಹೋದ ಸಾಮಾನುಗಳನ್ನು ಕಾದಿಡುವ ಕಚೇರಿ ಅದು. ಛಾವಣಿಯ ಕಂಬಿಗಳಿಂದ ಛತ್ರಿಗಳು ತಲೆಕೆಳಗಾಗಿ ತೂಗುತ್ತಿದ್ದವು. ಅವುಗಳ ಕೆಳಗೆ ಹಲ್ಲಿನ ಸೆಟ್ಟುಗಳ ಗಾಜಿನ ಕಪಾಟು, ಅದರ ಪಕ್ಕ ಜೊತೆ ಕಳೆದುಕೊಂಡ ಕೈಗವಸುಗಳ ಡ್ರಾಯರು. ಯಾವುದೋ ಸೂಟ್‌ಕೇಸಿನೊಳಗೆ ಸಿಕ್ಕಿಕೊಂಡ ಅಲಾರಂ ಗಡಿಯಾರವೊಂದು ಆಗಾಗ ಬಾರಿಸಿ, ಯಾರೂ ಏಳದ್ದನ್ನು ನೋಡಿ ತಾನೇ ಸುಮ್ಮನಾಗುತ್ತಿತ್ತು. ಈ ಎಲ್ಲದರ ಪಟ್ಟಿ ಇಟ್ಟುಕೊಂಡ ಸರ್ವರ್ ಇದ್ದದ್ದು ಟೋಪಿಗಳ ಕೋಣೆಯಲ್ಲಿ. ಅದಕ್ಕೆ ತಂಪು ಬೇಕೆಂದು ಅಲ್ಲೊಂದು ಏಸಿ ಹಾಕಿಸಿದ್ದರಿಂದ, ಇಡೀ ಕಚೇರಿಯಲ್ಲಿ ಬೇಸಿಗೆಯ ಬಿಸಿ ತಟ್ಟದೆ ಸುಖವಾಗಿದ್ದದ್ದು ಟೋಪಿಗಳು ಮಾತ್ರ.

ಭಾವ ಈ ಕಚೇರಿಯ ಮುಖ್ಯಸ್ಥರು. ಸರ್ವರ್ ನೋಡಿಕೊಳ್ಳುವವಳು ಅವರ ಹೆಂಡತಿಯ ತಂಗಿ. ಹೊಸ ವರ್ಷನ್ ಹಾಕಿದ ಹೊಸ ಯಂತ್ರವನ್ನು ಅವಳು ಹಳೆಯದರ ಪಕ್ಕದಲ್ಲೇ ಸಿದ್ಧಮಾಡಿ ನಿಲ್ಲಿಸಿದ್ದಳು. ಇವತ್ತು ಮಧ್ಯಾಹ್ನ ಕೆಲಸವನ್ನು ಹಳೆಯದರಿಂದ ಹೊಸದಕ್ಕೆ ದಾಟಿಸುವುದೊಂದೇ ಬಾಕಿ. ಆದರೆ ಮೇಲಿನ ಕಚೇರಿಯ ನಿರ್ದೇಶಕಿ ಒಂದು ಷರತ್ತು ಹಾಕಿದ್ದರು. ಹೊಸದರಲ್ಲಿ ನಿಮ್ಮಿಬ್ಬರಿಗೂ ಅತ್ಯಂತ ಇಷ್ಟವಾದ ಸೌಲಭ್ಯ ಯಾವುದು ಎಂದು ಮುಖ್ಯಸ್ಥರು ತಮ್ಮ ಬಾಯಿಂದಲೇ ಫೋನಿನಲ್ಲಿ ಹೇಳಬೇಕು, ಆಮೇಲೆ ದಾಟಿಸಬೇಕು. ಆ ಫೋನು ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು. ಭಾವ ಬೆಳಿಗ್ಗೆಯಿಂದ ಒಂದೂ ಇಷ್ಟವಿಲ್ಲ ಎನ್ನುತ್ತ ಕೂತಿದ್ದರು.

ಹೊಸದೆಂದರೆ ಭಾವನಿಗೆ ಅಂಜಿಕೆ ಎಂದು ನಾದಿನಿ ತಿಳಿದಿದ್ದಳು. ಮನೆಗೆ ಹೊಸ ಮಿಕ್ಸರ್ ತಂದಾಗಲೂ ಅವರು ಒಂದು ವಾರ ಅದರ ಕಡೆ ಬೆನ್ನು ಹಾಕಿಕೊಂಡೇ ಊಟ ಮಾಡಿದ್ದರು. ಹಾಗಾಗಿ ಅವಳು ತಾಳ್ಮೆ ತಂದುಕೊಂಡು, ಓಡುತ್ತಾ ರಿಪೇರಿಯಾಗುವ ಸೌಲಭ್ಯವನ್ನು ಬಿಟ್ಟು ಮುಂದಿನದಕ್ಕೆ ಬಂದಳು.

ನಾದಿನಿ: ಇದು ನನಗೆ ಇನ್ನೂ ಇಷ್ಟ. ಯಾರಾದ್ರೂ ಪಾಸ್‌ವರ್ಡ್ ಊಹೆ ಮಾಡಿ ಒಳಗೆ ನುಗ್ಗೋಕೆ ನೋಡಿದ್ರೆ, ತಪ್ಪು ಹೊಡೆದಾಗೆಲ್ಲ ಸರ್ವರ್ ಅವರನ್ನ ನಿಲ್ಲಿಸಿ ಕಾಯಿಸುತ್ತೆ.

ಭಾವ: (ನೆಟ್ಟಗೆ ಕೂತು) ಯಾರಾದ್ರೂ ಅಂದ್ರೆ?

ನಾದಿನಿ: ಯಾರಾದ್ರೂ. ಕಳ್ಳರು.

ಭಾವ: ಕಳ್ಳರು ಅನ್ನೋ ಮಾತು ಯಾಕೆ ಪುಟ್ಟಿ, ಮನೆಯವರ ಮಧ್ಯೆ?

ನಾದಿನಿ: ನಿಮಗಲ್ಲ ಭಾವ ಹೇಳಿದ್ದು.

ಭಾವ: ಸುತ್ತಿ ಬಳಸಿ ಚುಚ್ಚಬೇಡ. ಗೊತ್ತಾಗಿದ್ರೆ ನೇರವಾಗಿ ಹೇಳು. ಹೌದು, ನಿನ್ನ ಪಾಸ್‌ವರ್ಡ್ ಹೊಡೆದು ನೋಡಿದ್ದು ನಾನೇ. ಮೊದಲು ನಿನ್ನ ಹೆಸರು. ಆಮೇಲೆ ನಿಮ್ಮಕ್ಕನ ಹೆಸರು. ಆಮೇಲೆ ನಿಮ್ಮಪ್ಪ ಸಾಕಿದ್ದ ಕುದುರೆ ಹೆಸರು.

ನಾದಿನಿ: ನಮ್ಮಪ್ಪ ಕುದುರೆ ಸಾಕಿರಲಿಲ್ಲ.

ಭಾವ: ಅದಕ್ಕೇ ಇರಬೇಕು, ತೆರೀಲಿಲ್ಲ. ನನ್ನ ಮದುವೆಗೆ ಮುಂಚೆ ಕುದುರೆ ಇತ್ತು ಅಂತ ಹೇಳಿದ್ರು.

ನಾದಿನಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ಪ್ರತಿ ತಿಂಗಳು ರೀಸ್ಟಾರ್ಟ್ ಆದ ಸಂಜೆ ಅವಳ ಖಾತೆ ಬೀಗ ಹಾಕಿಕೊಂಡು ಕೂರುತ್ತಿತ್ತು. ಹಳೆಯ ಯಂತ್ರಕ್ಕೆ ಅರಳುಮರಳು ಎಂದು ಅವಳು ಅದನ್ನು ಬೈದು, ಬಾಗಿಲಿಗೆ ಒದ್ದದ್ದೂ ಉಂಟು. ನನ್ನ ಖಾತೆಯಲ್ಲಿ ನಿಮಗೇನು ಕೆಲಸ ಎಂದು ಕೇಳಿದಳು. ಭಾವ ಅದನ್ನು ಈಗಲೇ ಹೇಳುವುದಿಲ್ಲವೆಂದರು. ನನ್ನ ಮೇಲೆ ಇನ್ನೂ ಏನೇನು ಆರೋಪ ಇಟ್ಟುಕೊಂಡಿದ್ದೀಯೋ ಎಲ್ಲ ಓದು, ಒಟ್ಟಿಗೇ ಉತ್ತರ ಕೊಡುತ್ತೇನೆ ಎಂದರು. ಇವು ಆರೋಪಗಳಲ್ಲ, ಸೌಲಭ್ಯಗಳು ಎಂದಳು ನಾದಿನಿ. ಅದೇ, ಮುಂದಿನದು ಹೇಳು ಎಂದರು ಭಾವ.

ನಾದಿನಿ: ಮುಂದಿನದು ಡಿಸ್ಕಿನದು. ಬರೆದಿರೋದು ಒಂದು, ಇರೋದು ಇನ್ನೊಂದು ಆಗಿದ್ರೆ ಅದು ತಾನೇ ಕಂಡುಹಿಡಿಯುತ್ತೆ. ಯಾರೂ ಹೇಳಬೇಕಾಗಿಲ್ಲ.

ಭಾವ: ಛತ್ರಿನೂ ಕಾಣುತ್ತಾ ಅದಕ್ಕೆ?

ನಾದಿನಿ: ಯಾವ ಛತ್ರಿ?

ಭಾವ: ಹಸಿರುದು. ಮರದ ಹಿಡಿ. ಬರೆದಿರೋದು ಇದೆ ಅಂತ. (ಛಾವಣಿ ನೋಡಿ) ಇರೋದು, ಇಲ್ಲ.

ಅಲ್ಲಿಂದ ಕತೆ ಬಿಚ್ಚಿಕೊಂಡಿತು. ರೀಸ್ಟಾರ್ಟ್ ಆಗುವಾಗ ಕಂಪ್ಯೂಟರಿನ ಪರದೆ ಕಪ್ಪಾಗಿರುತ್ತಿತ್ತು, ನಾದಿನಿ ಟೋಪಿಗಳ ಕೋಣೆಯಲ್ಲಿರುತ್ತಿದ್ದಳು. ಆದರೂ ಜನ ಬಂದು ವಿಚಾರಿಸುವ ಕಿಟಕಿ ಮುಚ್ಚುವುದು ಬೇಡ, ಬಂದವರನ್ನು ನಾನು ಮಾತಾಡಿಸಿ ಕೂರಿಸುತ್ತೇನೆ ಎಂದು ಹೊಣೆ ಹೊತ್ತವರು ಭಾವ. ಅಂಥ ಒಂದು ಮಧ್ಯಾಹ್ನ ಒಬ್ಬ ಕಪ್ಪು ಛತ್ರಿ ಕೇಳಿಕೊಂಡು ಬಂದ. ಭಾವ ಏಣಿ ಹತ್ತಿ ಹುಡುಕಿದರು, ಸಿಗಲಿಲ್ಲ. ಏಣಿಯ ಮೇಲಿನಿಂದ ನೋಡಿದರೆ ಆ ಮನುಷ್ಯ ಕತ್ತು ಮೇಲೆತ್ತಿ ಕಾಯುತ್ತಿದ್ದ, ಅವನ ಬೊಕ್ಕತಲೆ ಮಿರಿಮಿರಿ ಮಿಂಚುತ್ತಿತ್ತು. ಬರಿಗೈಲಿ ಇಳಿಯಲು ಭಾವನಿಗೆ ಮನಸ್ಸಾಗಲಿಲ್ಲ. ಕೈಗೆ ಸಿಕ್ಕ ಹಸಿರುದನ್ನು ತಂದು ಕೊಟ್ಟರು. ಆತ ಬಿಚ್ಚಿದ, ಮುಚ್ಚಿದ, ಮತ್ತೆ ಬಿಚ್ಚಿದ. ಇದೇ ಎಂದ. ಶಿಳ್ಳೆ ಹಾಕುತ್ತ ಹೋದ.

ನಾದಿನಿ: ಕಪ್ಪು ಕೇಳಿದವನಿಗೆ ಹಸಿರು ಕೊಟ್ರೆ ಇದೇ ಅಂದನಾ?

ಭಾವ: ನೀನು ಕಿಟಕಿಯಲ್ಲಿ ಕೂತಿಲ್ಲ, ನಿನಗೆ ಗೊತ್ತಿಲ್ಲ. ಅವರದ್ದೇ ಛತ್ರಿ ಕೊಟ್ಟು ನೋಡು. ಈ ಕಡ್ಡಿ ಯಾಕೆ ಬಗ್ಗಿದೆ, ಇಲ್ಲಿ ಯಾಕೆ ಕಲೆ ಆಗಿದೆ, ನೀವೇನು ಇದರಲ್ಲಿ ಕ್ರಿಕೆಟ್ ಆಡಿದ್ರಾ ಅಂತಾರೆ. ಬೇರೆಯವರದ್ದು ಕೊಡು. ಅಯ್ಯೋ, ಎಷ್ಟು ಚೆನ್ನಾಗಿ ಇಟ್ಟಿದೀರಿ ಅಂತಾರೆ.

ನಾದಿನಿ: ಒಂದೇ ತಾನೇ? ಆ ಹಸಿರುದೊಂದೇ?

ಭಾವ: ಆಮೇಲೆ ಹಸಿರುದರ ಒಡತಿ ಬಂದ್ರು.

ನಾದಿನಿ: ಅವರಿಗೆ?

ಭಾವ: ನೀಲಿ.

ನಾದಿನಿ: ನೀಲಿಯವರಿಗೆ?

ಭಾವ: ಅವರಿಗೆ ಛತ್ರಿ ಹಿಡಿಸಲಿಲ್ಲ. ಕಹಳೆ ತಗೊಂಡು ಹೋದ್ರು.

ನಾದಿನಿ ಎದ್ದು ಹೋಗಿ ಗಾಜಿನ ಕಪಾಟಿನ ಮುಂದೆ ನಿಂತಳು. ಒಳಗೆ ಹಲ್ಲಿನ ಸೆಟ್ಟುಗಳು ಸಾಲಾಗಿ ನಗುತ್ತಿದ್ದವು. ಸಾಲು ಅಲ್ಲಲ್ಲಿ ತೆಳುವಾಗಿತ್ತು.

ನಾದಿನಿ: ಇವನ್ನ ಕೊಟ್ಟಿಲ್ಲ ತಾನೇ?

ಭಾವ ಮೇಜಿನ ಮೇಲಿದ್ದ ಸೀಲನ್ನು ಎತ್ತಿ, ಅದರ ಮೇಲೆ ಏನು ಬರೆದಿದೆಯೆಂದು ಇವತ್ತೇ ಮೊದಲ ಸಲ ನೋಡುವವರಂತೆ ಓದತೊಡಗಿದರು.

ನಾದಿನಿ: ಭಾವ.

ಭಾವ: ತೊಳೆದೇ ಕೊಟ್ಟೆ.

ನಾದಿನಿ: ದೇವರೇ.

ಭಾವ: ಆ ತಾತ ಒಂದು ಹಾಕ್ಕೊಂಡು ನೋಡಿದ್ರು, ಮಾತು ಬರಲಿಲ್ಲ. ಇನ್ನೊಂದು ಹಾಕ್ಕೊಂಡ್ರು, ಮಾತು ನಿಲ್ಲಲಿಲ್ಲ. ಅದರ ಮುಂದಿನದು ಹಾಕ್ಕೊಂಡು ಒಂದು ನಗು ನಕ್ರು ನೋಡು. ಆ ನಗು ಅವರದ್ದಲ್ಲ, ನಿಜ. ಆದ್ರೆ ಅವರ ಮುಖಕ್ಕೆ ಎಷ್ಟು ಒಪ್ಪಿತ್ತು ಅಂತೀಯ.

ಹೀಗೆ ಕೊಟ್ಟದ್ದನ್ನು ಕಂಪ್ಯೂಟರಿನಲ್ಲೂ ಅಳಿಸಿದರೆ ಯಾರಿಗೂ ತೊಂದರೆಯಿಲ್ಲವೆಂದು ಅವಳ ಪಾಸ್‌ವರ್ಡಿಗಾಗಿ ಒದ್ದಾಡಿದ್ದಾಗಿ ಭಾವ ವಿವರಿಸಿದರು. ನಾದಿನಿಗೆ ಕೂರಬೇಕೆನಿಸಿತು. ಕೂರಲು ಹತ್ತಿರವಿದ್ದದ್ದು ಯಾರೋ ಮರೆತುಹೋದ ಗಾಲಿಕುರ್ಚಿ. ಅದರಲ್ಲಿ ಕೂತಳು. ಅದು ಅವಳನ್ನು ಮೆಲ್ಲಗೆ ಗೋಡೆಯವರೆಗೆ ಒಯ್ದು ನಿಲ್ಲಿಸಿತು. ಗೋಡೆಯ ಹತ್ತಿರದಿಂದಲೇ ಅವಳು ಮಾತು ಮುಂದುವರಿಸಿದಳು. ಇಷ್ಟಾದ ಮೇಲೂ ನಿರ್ದೇಶಕಿಗೆ ಏನಾದರೊಂದು ಹೇಳಲೇಬೇಕಿತ್ತಲ್ಲ. ಯಾರ ಮನಸ್ಸಿಗೂ ತಾಗದ ಒಂದು ಸೌಲಭ್ಯವನ್ನು ಹುಡುಕಿ ಹೇಳಿದಳು.

ನಾದಿನಿ: ಇದಕ್ಕೆ ನೀವು ತಕರಾರು ತೆಗೆಯೋಕೆ ಆಗಲ್ಲ. ಇದು ತಾನು ಒಂದೇ ಇರಲ್ಲ ಭಾವ. ಇದರ ಜೋಡಿ ಇನ್ನೊಂದು ದೂರದಲ್ಲಿ ಇರುತ್ತೆ. ಇಲ್ಲಿರೋದು ಅಕಸ್ಮಾತ್ ಹೋಯ್ತು ಅನ್ನಿ, ಆ ಇನ್ನೊಂದು ಬಂದು ಅದರ ಜಾಗದಲ್ಲಿ ನಿಲ್ಲುತ್ತೆ. ಕೆಲಸ ಹಾಗೇ ನಡೀತಾ ಹೋಗುತ್ತೆ. ಬದಲಾಯ್ತು ಅಂತ ಯಾರಿಗೂ ಗೊತ್ತೇ ಆಗಲ್ಲ.

ಭಾವ ಎದ್ದು ಹೋಗಿ ಬಾಗಿಲು ಹಾಕಿ ಬಂದರು.

ಭಾವ: ಆ ಯಜಮಾನರ ವಿಷಯ ನಿನಗೆ ಯಾರು ಹೇಳಿದ್ದು?

ನಾದಿನಿ: ಯಾವ ಯಜಮಾನರು?

ಭಾವ: ಅಂದ್ರೆ ಗೊತ್ತಿಲ್ವಾ? ಹಾಗಾದ್ರೆ ಬಿಡು.

ನಾದಿನಿ: ಬಿಡಲ್ಲ.

ಒಂದು ರೀಸ್ಟಾರ್ಟಿನ ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ಬಂದಿದ್ದರಂತೆ. ರೈಲಿನಲ್ಲಿ ಗಂಡ ಪಕ್ಕದಲ್ಲೇ ಕೂತಿದ್ದರು, ತಾನು ಇಳಿದೆ, ಅವರು ಇಳಿಯಲಿಲ್ಲ, ಇಲ್ಲಿಗೇನಾದರೂ ತಂದಿಟ್ಟಿದ್ದೀರಾ ಎಂದು ವಿಚಾರಿಸಿದರಂತೆ. ಆ ಹೊತ್ತಿಗೆ ಕಿಟಕಿಯಾಚೆಯ ಬೆಂಚಿನ ಮೇಲೆ ಟೋಪಿ ಕೇಳಲು ಬಂದ ಹಿರಿಯರೊಬ್ಬರು ಕಾದು ಕಾದು ತೂಕಡಿಸುತ್ತಿದ್ದರು. ಆಕೆ ಅವರನ್ನು ಈ ಬದಿಯಿಂದ ನೋಡಿದರು, ಆ ಬದಿಯಿಂದ ನೋಡಿದರು. ನಮ್ಮವರು ಇಷ್ಟು ಎತ್ತರ ಇರಲಿಲ್ಲ ಎಂದರು. ಭಾವ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಪ್ರಯಾಣದಲ್ಲಿ ಮನುಷ್ಯ ಸ್ವಲ್ಪ ಹಿಗ್ಗುವುದುಂಟು ಎಂದಷ್ಟೇ ಹೇಳಿದರು. ಅಷ್ಟರಲ್ಲಿ ಆ ಹಿರಿಯರಿಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು ಆಕೆಯನ್ನು ನೋಡಿ, ಊಟಕ್ಕೇನು ಮಾಡಿದೀಯ ಎಂದರು. ಆಕೆ ಹೇಳಿದರು. ಇಬ್ಬರೂ ಜೊತೆಯಾಗಿ ಹೊರಟರು.

ನಾದಿನಿ: ಸುಮ್ಮನೆ ಕಳಿಸಿಕೊಟ್ರಾ?

ಭಾವ: ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸೋಕೆ ಅವರೇನು ಸೂಟ್‌ಕೇಸಾ?

ನಾದಿನಿ: ಆಕೆಯ ನಿಜವಾದ ಗಂಡ?

ಭಾವ: ಮುಂದಿನ ತಿಂಗಳು ಬಂದ್ರು.

ನಾದಿನಿ: ಹೆಂಡತಿ ಎಲ್ಲಿ ಅಂತ ಕೇಳಿದ್ರೆ ಏನು ಹೇಳಿದ್ರಿ?

ಭಾವ: ಹೆಂಡತಿ ವಿಷಯ ಎತ್ತಲಿಲ್ಲ. ಟೋಪಿ ಇದೆಯಾ ಅಂದ್ರು. ಒಂದು ಟೋಪಿ ವಾರಸುದಾರರಿಲ್ಲದೆ ಉಳಿದಿತ್ತಲ್ಲ, ಅದನ್ನ ಕೊಟ್ಟೆ. ಸ್ವಲ್ಪ ದೊಡ್ಡದಾಯ್ತು. ಪರವಾಗಿಲ್ಲ, ಗಾಳಿಯಾಡುತ್ತೆ ಅಂದ್ರು.

ನಾದಿನಿ ಇದನ್ನೆಲ್ಲ ಅಕ್ಕನಿಗೆ ಹೇಳುತ್ತೇನೆ ಎಂದಳು. ಬೇಕಿದ್ದರೆ ನಿರ್ದೇಶಕಿಗೆ ಹೇಳು, ಪೊಲೀಸರಿಗೆ ಹೇಳು, ಅಕ್ಕನಿಗೊಬ್ಬಳಿಗೆ ಬೇಡ ಎಂದು ಭಾವ ಬೇಡಿಕೊಂಡರು. ಆಗ ನಾದಿನಿಗೆ ಇನ್ನೂ ದೊಡ್ಡ ಸಂಗತಿಯೊಂದು ಹೊಳೆಯಿತು. ಕಪಾಟಿನಲ್ಲಿರುವುದಕ್ಕೂ ಪರದೆಯಲ್ಲಿರುವುದಕ್ಕೂ ತಾಳೆಯಾಗುತ್ತಿಲ್ಲ, ಹಳೆಯ ಸರ್ವರ್ ಸುಳ್ಳು ಹೇಳುತ್ತಿದೆ, ಹೊಸದು ಕೊಡದಿದ್ದರೆ ನಾನು ಜವಾಬ್ದಾರಳಲ್ಲ ಎಂದು ಮೇಲಿನ ಕಚೇರಿಗೆ ಹೋಗಿ ಎಲ್ಲರೆದುರು ಮೇಜು ಕುಟ್ಟಿ ಬಂದವಳು ಅವಳೇ. ಅವಳ ಮಾತು ನಂಬಿ ಅವರು ಹೊಸದು ಕೊಟ್ಟಿದ್ದರು.

ನಾದಿನಿ: ಅದು ಒಂದು ದಿನಾನೂ ಸುಳ್ಳು ಹೇಳಿರಲಿಲ್ಲ ಭಾವ. ನನ್ನ ಮಾನ ಏನಾಗಬೇಕು ಈಗ?

ಭಾವ: ಪಾಪ. ಹೋಗಿ ಒಂದು ಮಾತು ಕ್ಷಮೆ ಕೇಳಿಬಿಡು.

ನಾದಿನಿ: ನಿರ್ದೇಶಕಿ ಹತ್ರಾನಾ?

ಭಾವ: ಅವರ ಹತ್ರ ಯಾಕೆ? (ಟೋಪಿಗಳ ಕೋಣೆಯತ್ತ ಗಲ್ಲ ತೋರಿಸಿ) ಅದರ ಹತ್ರ.

ನಗಬಾರದೆಂದು ನಾದಿನಿ ತುಟಿ ಕಚ್ಚಿದಳು. ಕಚ್ಚಿದ್ದು ಸಾಲದೆ ಮುಖ ಗೋಡೆಗೆ ತಿರುಗಿಸಿದಳು. ಗೋಡೆಗೇ ಕೇಳಿದಳು, ಯಾಕೆ ಭಾವ ಹೀಗೆಲ್ಲ ಮಾಡಿದಿರಿ ಎಂದು.

ಭಾವ ಕಿಟಕಿಯ ಕಡೆ ನೋಡಿದರು. ಸರಳುಗಳಾಚೆ ಬೆಂಚು ಖಾಲಿಯಿತ್ತು.

ಭಾವ: ತಿಂಗಳು ಪೂರ್ತಿ ನನ್ನ ಕೆಲಸ ಏನು ಹೇಳು. ಅವರು ಕೇಳ್ತಾರೆ, ಪರದೆ ಇಲ್ಲ ಅನ್ನುತ್ತೆ, ಇಲ್ಲ ಅಂತ ನಾನು ಹೇಳ್ತೀನಿ. ಅಷ್ಟೆ. ಮನೆಗೆ ಬಂದ ಮೇಲೂ, ಉಪ್ಪಿದೆಯಾ ಅಂತ ನಿಮ್ಮಕ್ಕ ಕೇಳಿದ್ರೆ ಇಲ್ಲ ಅಂತಾನೇ ಬಾಯಿಗೆ ಬರುತ್ತೆ, ಡಬ್ಬಿ ಎದುರಿಗೇ ಇರುತ್ತೆ. ಆ ಒಂದು ಮಧ್ಯಾಹ್ನ ಮಾತ್ರ ಇರಿ, ನೋಡ್ತೀನಿ ಅಂತೀನಿ. ನೋಡ್ತೀನಿ ಅಂದ ಕೂಡಲೇ ಅವರ ಮುಖ ಹೇಗಾಗುತ್ತೆ ಅಂತ ನಿನಗೆ ಗೊತ್ತಿಲ್ಲ ಪುಟ್ಟಿ. ಈಗ ಇದು ನಿಲ್ಲೋದೇ ಇಲ್ಲ ಅಂದ್ರೆ, ರಿಟೈರ್ ಆಗೋವರೆಗೂ ನಾನು ಇಲ್ಲ ಅಂತಾನೇ ಕೂತಿರಬೇಕು.

ನಾದಿನಿ ಗಾಲಿಕುರ್ಚಿಯನ್ನು ಹಿಂದಕ್ಕೆ ಉರುಳಿಸಿಕೊಂಡು ಮೇಜಿನ ಹತ್ತಿರ ಬಂದಳು. ಈಗ ಅವಳ ದನಿ ಇಳಿದಿತ್ತು, ಆದರೆ ಮಾತು ಬದಲಾಗಲಿಲ್ಲ. ಅವು ಯಾರ್‍ಯಾರದೋ ಸಾಮಾನು, ಕೊಡಲು ನಮಗೆ ಹಕ್ಕಿಲ್ಲ ಎಂದಳು. ಇದುವರೆಗೆ ಆದದ್ದು ಆಗಿಹೋಯಿತು, ಅದನ್ನು ನಾನು ಹೇಗೋ ನೋಡಿಕೊಳ್ಳುತ್ತೇನೆ, ಇನ್ನು ಮೇಲೆ ಪರದೆ ಏನು ಹೇಳುತ್ತದೋ ಅಷ್ಟೇ ಎಂದಳು. ಭಾವ ತಲೆಯಾಡಿಸಿದರು. ಆಮೇಲೆ, ಹೊಸದರಲ್ಲಿ ಕೆಲವನ್ನು ತೆಗೆದೂ ಹಾಕಿದ್ದಾರಂತಲ್ಲ, ಏನನ್ನು ತೆಗೆದರು ಎಂದು ಮೆಲ್ಲಗೆ ಕೇಳಿದರು.

ನಾದಿನಿ: ಹಳೇವು. ಈಗಿನವುಗಳ ಜೊತೆ ಹೊಂದಿಕೊಳ್ಳದೇ ಇರೋವು. ಅವು ಇದ್ರೆ ಸುರಕ್ಷತೆಗೆ ಅಪಾಯ ಅಂತ.

ಭಾವ: ಮುಂಚಿತವಾಗಿ ತಿಳಿಸಿದ್ರಾ, ಇಲ್ಲ ಒಂದೇ ಸಲ ತೆಗೆದರಾ?

ನಾದಿನಿ: ನಿಮ್ಮನ್ನ ತೆಗೆದಿಲ್ಲ ಭಾವ.

ಭಾವ: ಪೂರ್ತಿ ಓದಿ ಹೇಳ್ತಿದೀಯ ತಾನೇ?

ಅಷ್ಟರಲ್ಲಿ ಫೋನು ಬಂತು. ನಿರ್ದೇಶಕಿಯ ದನಿ ಎಷ್ಟು ಜೋರಿತ್ತೆಂದರೆ ಮೇಲಿನ ಛತ್ರಿಗಳವರೆಗೂ ಕೇಳಿಸುತ್ತಿತ್ತು. ಅವರು ಕುಶಲ ವಿಚಾರಿಸಿ, ಲೆಕ್ಕ ತಪ್ಪುತ್ತಿದ್ದದ್ದು ಹಳೆಯ ಸರ್ವರಿನಿಂದಲೇ ಎಂದು ನಿಮ್ಮವಳು ಇಲ್ಲಿ ಬಂದು ಹೇಳಿದ್ದಳಲ್ಲ, ನಿಮ್ಮ ಅನುಭವವೂ ಅದೇ ತಾನೇ ಎಂದು ಕೇಳಿದರು. ಭಾವ ಎದ್ದು ನಿಂತು, ಕಾಣದ ನಿರ್ದೇಶಕಿಯ ಗೌರವಕ್ಕೆ ಅಂಗಿಯ ಗುಂಡಿ ಹಾಕಿಕೊಂಡರು.

ಭಾವ: ಅವಳು ಹೇಳಿದ್ದು ಸರಿ ಮೇಡಂ. ಹಳೇದಕ್ಕೆ ಕೈ ಹಿಡಿತ ಇರಲಿಲ್ಲ. ಕೇಳಿದವರಿಗೆಲ್ಲ ಕೊಟ್ಟುಬಿಡ್ತಿತ್ತು.

ಇಷ್ಟವಾದ ಸೌಲಭ್ಯ ಯಾವುದು ಎಂಬ ಪ್ರಶ್ನೆ ಬಂತು.

ಭಾವ: ಹೊಸದು ನಿಲ್ಲೋದೇ ಇಲ್ಲ ಮೇಡಂ. ನಮಗಿಬ್ಬರಿಗೂ ಅದೇ ತುಂಬ ಇಷ್ಟ.

ಯಾರದೋ ಸಾವಿನ ಸುದ್ದಿಯನ್ನು ನೆಂಟರಿಗೆ ತಿಳಿಸುವ ದನಿಯಲ್ಲಿ ಹೇಳಿ ಫೋನಿಟ್ಟರು. ನಾದಿನಿ ಟೋಪಿಗಳ ಕೋಣೆಗೆ ಹೋಗಿ ಕೆಲಸವನ್ನು ಹೊಸ ಯಂತ್ರಕ್ಕೆ ದಾಟಿಸಿ ಬಂದಳು. ದೀಪ ಮಿಣುಕಲಿಲ್ಲ, ಪರದೆ ಕಪ್ಪಾಗಲಿಲ್ಲ. ಆಯಿತೇ ಎಂದು ಭಾವ ಕೇಳಿದರು. ಆಯಿತು ಎಂದಳು. ಏನೂ ಆಗಲಿಲ್ಲವಲ್ಲ ಎಂದರು ಭಾವ. ಅದೇ ಅದರ ವಿಶೇಷ ಎಂದಳು ನಾದಿನಿ. ಎಂದಿನ ಹೆಮ್ಮೆ ಮಾತ್ರ ದನಿಯಲ್ಲಿ ಇರಲಿಲ್ಲ.

ಕಿಟಕಿಯಲ್ಲಿ ನೆರಳು ಬಿತ್ತು. ನಡುವಯಸ್ಸಿನ ಹೆಂಗಸೊಬ್ಬರು ಸರಳು ಹಿಡಿದು ನಿಂತಿದ್ದರು. ಭಾವ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, ಅವುಗಳ ಮೇಲೆ ಭಾರ ಹಾಕಿ ಕೂತರು. ನಾದಿನಿಯೇ ಪರದೆಯ ಮುಂದೆ ಬಂದಳು.

ನಾದಿನಿ: ಏನು ಕಳ್ಕೊಂಡಿದೀರಿ ಅಮ್ಮ?

ಹೆಂಗಸು: ಅದೇ ನೆನಪಾಗ್ತಿಲ್ಲ ನೋಡಿ. ಬಸ್ಸು ಹತ್ತುವಾಗ ಈ ಕೈಯಲ್ಲಿ ಏನೋ ಇತ್ತು. ಇಳಿದು ಮನೆಗೆ ಹೋದ ಮೇಲೆ ನೋಡಿದ್ರೆ ಕೈ ಹಗುರ ಅನ್ನಿಸ್ತು. ಅವತ್ತಿಂದ ಹಗುರವಾಗೇ ಇದೆ.

ಅವರು ಎಡಗೈಯನ್ನು ಸರಳುಗಳ ನಡುವೆ ತೂರಿಸಿ ತೋರಿಸಿದರು. ಬೆರಳುಗಳು ಅರ್ಧ ಮಡಚಿಕೊಂಡೇ ಇದ್ದವು.

ವಸ್ತುವಿನ ಹೆಸರು ಎಂದು ಪರದೆ ಕೇಳುತ್ತಿತ್ತು. ಹೆಸರಿಲ್ಲದೆ ಮುಂದೆ ಹೋಗಲು ಅದು ಬಿಡಲಿಲ್ಲ. ಭಾರವಿತ್ತೇ ಎಂದು ನಾದಿನಿ ಕೇಳಿದಳು. ಭಾರವೆನಿಸುತ್ತಿರಲಿಲ್ಲ ಎಂದರು ಆಕೆ. ಬಣ್ಣ ಕೇಳಿದಳು. ಇಷ್ಟದ ಬಣ್ಣ ಎಂದರು. ನಾದಿನಿ ಚೀಲ ಎಂದು ಹೊಡೆದಳು, ಅಂಥದ್ದಿಲ್ಲ ಎಂದಿತು. ಡಬ್ಬಿ ಎಂದು ಹೊಡೆದಳು, ಅಂಥದ್ದಿಲ್ಲ ಎಂದಿತು. ಹೊಸದು ನಿಜಕ್ಕೂ ಚುರುಕಾಗಿತ್ತು. ಅವಳ ಬೆರಳು ಮೇಲೇಳುವ ಮೊದಲೇ ಇಲ್ಲವೆಂದುಬಿಡುತ್ತಿತ್ತು. ಹಳೆಯದು ಕನಿಷ್ಠ ಒಂದಿಷ್ಟು ಹೊತ್ತು ಗರಗರ ಎಂದು ಹುಡುಕಿದ ಹಾಗಾದರೂ ಮಾಡುತ್ತಿತ್ತು.

ಇಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಆ ಹೆಂಗಸು ಅವಳ ಬಾಯಿಯನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಭಾವ, ಕೈಗಳ ಮೇಲೆ ಕೂತುಕೊಂಡೇ, ಛಾವಣಿಯ ಮೂಲೆಯೊಂದನ್ನು ದಿಟ್ಟಿಸುತ್ತಿದ್ದರು. ಪರದೆ ಹಗಲಿನಂತೆ ಬೆಳಗುತ್ತಿತ್ತು.

ನಾದಿನಿ: ಸ್ವಲ್ಪ ಕೂತ್ಕೊಳ್ಳಿ ಅಮ್ಮ. ಸರ್ವರ್ ಡೌನ್ ಆಗಿದೆ.

ಆ ಹೆಂಗಸು ಬೆಂಚಿನ ಮೇಲೆ ಕೂತರು. ಭಾವ ನಾದಿನಿಯ ಕಿವಿಯ ಹತ್ತಿರ ಬಗ್ಗಿದರು.

ಭಾವ: ಇದೂ ಹೊಸದರಲ್ಲಿ ಇರೋ ಸೌಲಭ್ಯಾನಾ?

ನಾದಿನಿ: ಇದು ನಾನು ಸೇರಿಸಿದ್ದು. ಬೇಗ ಏಣಿ ಹತ್ತಿ.